ದೇವರಿಗೆ ಹದಿನೈದು ರಾತ್ರಿ, ಬಾರಿಗೆ ವರ್ಷವಿಡೀ!

ಒಂದು ಸರಳ ಪ್ರಶ್ನೆ ಕೇಳುತ್ತೇನೆ. ನಮ್ಮೂರಿನ ಜಾತ್ರೆಯಲ್ಲಿ ಕುರುಕ್ಷೇತ್ರ ನಾಟಕ ಕಟ್ಟುತ್ತಾರೆ. ಕೃಷ್ಣ ಸಂಧಾನಕ್ಕೆ ಹೊರಡುವ ಹೊತ್ತಿಗೆ ರಾತ್ರಿ ಹತ್ತು ಗಂಟೆ. ಆಗ ಮೈಕು ಆರಿಸಬೇಕೋ ಬೇಡವೋ?

ಆರಿಸಬೇಕು ಸ್ವಾಮಿ! ಕೇಂದ್ರ ಸರ್ಕಾರ 2000ನೇ ಇಸವಿಯಲ್ಲಿ ತಂದ ಶಬ್ದ ಮಾಲಿನ್ಯ ನಿಯಮಗಳು ಹಾಗೆಂದೇ ಹೇಳುತ್ತವೆ. ರಾತ್ರಿ 10ರಿಂದ ಬೆಳಗಿನ 6ರವರೆಗೆ ಧ್ವನಿವರ್ಧಕ ಕೂಗುವಂತಿಲ್ಲ. ಹಬ್ಬ, ಜಾತ್ರೆ, ಉತ್ಸವ ಎಂದು ರಾಜ್ಯ ಸರ್ಕಾರ ಮನಸ್ಸು ಮಾಡಿದರೆ ಇಡೀ ವರ್ಷದಲ್ಲಿ ಹೆಚ್ಚೆಂದರೆ 15 ದಿನ ಸಡಿಲ ಕೊಡಬಹುದು. ಅದೂ ಮಧ್ಯರಾತ್ರಿ 12ರವರೆಗೆ ಮಾತ್ರ. 2005ರಲ್ಲಿ ಸುಪ್ರೀಂ ಕೋರ್ಟು ಇದನ್ನು ಎತ್ತಿ ಹಿಡಿದಿದೆ. ನಾವೂ ಒಪ್ಪಿಕೊಂಡಿದ್ದೇವೆ. ಬೆಳಗಿನ ಜಾವದವರೆಗೆ ನಡೆಯುತ್ತಿದ್ದ ನಾಟಕಗಳನ್ನು ಕತ್ತರಿಸಿ, ಮೈಕಿಲ್ಲದೆ ಗಂಟಲು ಹರಿದುಕೊಂಡು ಆಡಿದ್ದೇವೆ.

ಈಗ ಎರಡನೇ ಪ್ರಶ್ನೆ. ಅದೇ ಊರಿನ ಪೇಟೆಬೀದಿಯಲ್ಲಿ, ಮೂರನೇ ಅಂತಸ್ತಿನ ತಾರಸಿಯ ಮೇಲೆ, ಬಣ್ಣದ ದೀಪ ಕಟ್ಟಿಕೊಂಡು ಒಂದು ಬಾರ್ ಶುರುವಾಗುತ್ತದೆ. ಅದರ ಡಬ್ಬಾ ಸ್ಪೀಕರ್ ಎದೆಗೂಡನ್ನೇ ಗುದ್ದುತ್ತದೆ. ಅದಕ್ಕೆ ವರ್ಷದಲ್ಲಿ ಎಷ್ಟು ರಾತ್ರಿ?

ಲೆಕ್ಕ ನೀವೇ ಹಾಕಿ.

ನಾನಿರುವುದು ನೆಲಮಂಗಲದ ಒಂದು ಒಳಬೀದಿಯಲ್ಲಿ. ಇಲ್ಲಿ ಮನೆ ಕಟ್ಟಿದಾಗ ಎದುರಿಗೆ ಹುಣಸೆಮರ, ಪಕ್ಕದಲ್ಲಿ ಗಿರಣಿ. ಗಿರಣಿಯ ಸದ್ದು ಸಂಜೆ ಏಳಕ್ಕೆ ನಿಲ್ಲುತ್ತಿತ್ತು. ಈಗ ಅಲ್ಲಿ ಕಟ್ಟಡ ಎದ್ದಿದೆ, ಮೇಲೆ 'ರೂಫ್ ಟಾಪ್' ಬಂದಿದೆ. ಹೆಸರು ಬೇಡ, ಇಂಥ ಹೆಸರಿಲ್ಲದ ನೂರು ನಿಮ್ಮ ಊರಲ್ಲೂ ಇವೆ. ಎಪ್ಪತ್ತೆಂಟು ದಾಟಿದ ನನ್ನ ತಾಯಿಗೆ ರಾತ್ರಿಯ ಮಾತ್ರೆ ನುಂಗಿದ ಮೇಲೂ ನಿದ್ದೆ ಇಲ್ಲ. ಪಕ್ಕದ ಮನೆಯ ಹುಡುಗ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕಿವಿಗೆ ಹತ್ತಿ ತುರುಕಿಕೊಂಡು ಓದಿದ. ಒಂದು ರಾತ್ರಿ ತಡೆಯಲಾರದೆ 112ಕ್ಕೆ ಫೋನು ಹಚ್ಚಿದೆ. ಜೀಪು ಬಂತು. ಸದ್ದು ಇಳಿಯಿತು. ಜೀಪು ಹೋಯಿತು. ಸದ್ದು ಏರಿತು. ಮಾರನೇ ದಿನ ಬೆಳಿಗ್ಗೆ ನಾನು ಹಾಲು ತರಲು ಹೋದಾಗ ಬಾರಿನ ಹುಡುಗನೊಬ್ಬ ನಕ್ಕು, 'ಏನ್ ಸಾರ್, ರಾತ್ರಿ ಫೋನ್ ಮಾಡಿದ್ರಂತೆ?' ಎಂದ. ನನ್ನ ನಂಬರು ಅವನಿಗೆ ಹೇಗೆ ಸಿಕ್ಕಿತು ಎಂದು ನಾನು ಕೇಳಲಿಲ್ಲ. ಕೇಳಿದರೆ ಉತ್ತರ ಸಿಗುವ ಪ್ರಶ್ನೆಯೇ ಅದು?

ಬಾರಿನವರ ವಾದ ಗೊತ್ತೇ? 'ನಮ್ಮದು ಮುಚ್ಚಿದ ಜಾಗ, ನಿಯಮ ನಮಗೆ ಅನ್ವಯಿಸುವುದಿಲ್ಲ.' ಸಭಾಂಗಣ, ಸಮುದಾಯ ಭವನ, ಔತಣಕೂಟದ ಹಾಲ್ ಇಂಥ ಮುಚ್ಚಿದ ಜಾಗಗಳ ಒಳಗೆ, ಒಳಗಿನವರಿಗೆ ಕೇಳುವಷ್ಟು ಧ್ವನಿಗೆ ನಿಯಮದಲ್ಲಿ ವಿನಾಯಿತಿ ಇರುವುದು ನಿಜ. ಆದರೆ ಸ್ವಾಮಿ, ಮೇಲೆ ಆಕಾಶ, ಸುತ್ತ ಮೊಣಕಾಲೆತ್ತರದ ಗೋಡೆ ಇರುವ ತಾರಸಿ ಯಾವ ಲೆಕ್ಕದಲ್ಲಿ 'ಮುಚ್ಚಿದ ಜಾಗ'? ವಸತಿ ಪ್ರದೇಶದಲ್ಲಿ ರಾತ್ರಿಯ ಮಿತಿ 45 ಡೆಸಿಬಲ್. ಮನೆಯೊಳಗೆ ಇಬ್ಬರು ಮೆಲ್ಲಗೆ ಮಾತಾಡಿಕೊಂಡರೂ ಅದರ ಹತ್ತಿರ ಬಂದುಬಿಡುತ್ತದೆ!

ಇದು ನೆಲಮಂಗಲದಲ್ಲಿ ಹುಟ್ಟಿದ ರೋಗವಲ್ಲ. ಬೆಂಗಳೂರಿನಿಂದ ಬಂದದ್ದು. ಅಲ್ಲಿ ಏನಾಯಿತು ಎಂಬುದನ್ನು ನೋಡಿದರೆ ನಮ್ಮ ನಾಲ್ಕು ತಾಲ್ಲೂಕುಗಳಿಗೆ ನಾಳೆ ಏನಾಗಲಿದೆ ಎಂಬುದು ಗೊತ್ತಾಗುತ್ತದೆ.

ಒಂದು ಕಾಲಕ್ಕೆ ಬೆಂಗಳೂರಿನ ಪಬ್ಬು ಎಂದರೆ ಚರ್ಚ್ ಸ್ಟ್ರೀಟು, ಬ್ರಿಗೇಡ್ ರಸ್ತೆ, ಎಂ.ಜಿ. ರಸ್ತೆ. ಪೇಟೆಯ ಜಾಗದಲ್ಲಿ ಪೇಟೆಯ ವ್ಯವಹಾರ. ಆಮೇಲೆ ಅದು ಇಂದಿರಾನಗರಕ್ಕೆ, ಕೋರಮಂಗಲಕ್ಕೆ ನುಗ್ಗಿತು. ನಿವೃತ್ತರು ಜೀವಮಾನದ ಉಳಿತಾಯ ಸುರಿದು ಮನೆ ಕಟ್ಟಿಕೊಂಡಿದ್ದ ಬಡಾವಣೆಗಳು ಅವು. 2007ರಲ್ಲಿ ಜಾರಿಯಾದ ಪರಿಷ್ಕೃತ ಮಹಾಯೋಜನೆ ವಸತಿ ಬೀದಿಗಳಲ್ಲಿ ಮಿಶ್ರ ಬಳಕೆಗೆ ಬಾಗಿಲು ತೆರೆಯಿತು. ಮೊದಲು ಬ್ಯೂಟಿ ಪಾರ್ಲರ್ ಬಂತು, ಆಮೇಲೆ ಕೆಫೆ, ಅದರ ಬೆನ್ನಿಗೇ ತಾರಸಿಯ ಪಬ್ಬು. 100 ಅಡಿ ರಸ್ತೆಯಲ್ಲೂ 12ನೇ ಮೇನ್‌ನಲ್ಲೂ ಇವತ್ತು ರಾತ್ರಿ ನಿಂತು ನೋಡಿ. ಮನೆ ಯಾವುದು, ಮದಿರಾಲಯ ಯಾವುದು ಎಂದು ಹುಡುಕಬೇಕು.

ಅಲ್ಲಿನ ನಿವಾಸಿಗಳು ಸುಮ್ಮನೆ ಕೂರಲಿಲ್ಲ. ಬೀದಿಯಲ್ಲಿ ಮೇಣದ ಬತ್ತಿ ಹಿಡಿದರು, ಪೊಲೀಸ್ ಕಮಿಷನರಿಗೆ ಬರೆದರು, ಹೈಕೋರ್ಟಿನ ಮೆಟ್ಟಿಲು ಹತ್ತಿದರು. ಅವರಲ್ಲಿ ಎಷ್ಟು ಮಂದಿ ಕನ್ನಡ ಮಾತಾಡುತ್ತಾರೆ ಎಂದು ಕೆಲವು ಗೆಳೆಯರು ನನ್ನನ್ನು ಕೆಣಕುತ್ತಾರೆ. ನಾನು ಆ ಪ್ರಶ್ನೆ ಕೇಳುವುದಿಲ್ಲ. ಮುದುಕಿಗೆ ನಿದ್ದೆ ಬಾರದಿದ್ದರೆ ಅದು ಇಂದಿರಾನಗರದಲ್ಲೂ ಸಂಕಟವೇ. ನಾನು ಕೇಳುವುದು ಬೇರೆ: ವಕೀಲರು, ಪತ್ರಿಕೆಗಳು, ನಿವೃತ್ತ ಅಧಿಕಾರಿಗಳು ಬೆನ್ನಿಗಿದ್ದ ಅವರಿಗೇ ಇಷ್ಟು ಕಷ್ಟವಾದರೆ, ದೇವನಹಳ್ಳಿಯ ಹೂ ಮಾರುವವಳ ಮಾತು, ದೊಡ್ಡಬಳ್ಳಾಪುರದ ಮಗ್ಗದ ಕೂಲಿಯವನ ಮಾತು ಯಾರ ಕಿವಿಗೆ ಬೀಳುತ್ತದೆ?

ಅವರ ಹೋರಾಟದಿಂದ ಏನೂ ಆಗಲಿಲ್ಲ ಎನ್ನಬೇಡಿ. ಬೆಂಗಳೂರು ನಗರಕ್ಕೆ 2005ರಲ್ಲಿ ಒಂದು ಆದೇಶ ಹೊರಟಿತ್ತು. ಸಾರ್ವಜನಿಕ ಮನರಂಜನೆ ನಡೆಸುವ ಜಾಗಗಳಿಗೆ ಪೊಲೀಸ್ ಕಮಿಷನರ ಪ್ರತ್ಯೇಕ ಪರವಾನಗಿ ಬೇಕು ಎಂಬುದು ಅದರ ಸಾರ. ಲೈವ್ ಬ್ಯಾಂಡ್ ಹೋಟೆಲುಗಳವರು ಅದರ ವಿರುದ್ಧ ಸುಪ್ರೀಂ ಕೋರ್ಟಿನವರೆಗೆ ಹೋದರು. 2018ರ ಜನವರಿಯಲ್ಲಿ ಕೋರ್ಟು ಆದೇಶವನ್ನು ಎತ್ತಿ ಹಿಡಿಯಿತು. ಅಂದರೆ ಕುಡಿಸಲು ಒಂದು ಲೈಸೆನ್ಸು, ಕುಣಿಸಲು ಇನ್ನೊಂದು. ಆ ವರ್ಷ ಬೆಂಗಳೂರಿನ ಪಬ್ಬುಗಳಲ್ಲಿ ಸಂಗೀತ ಸ್ವಲ್ಪ ದಿನ ತೆಪ್ಪಗಾಯಿತು. ಈ ಆದೇಶವನ್ನು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಈ ಮಾತಿಗೆ ಬರುತ್ತೇನೆ.

ಆದರೆ ಒಂದು ಕೈಯಲ್ಲಿ ಬಿಗಿ, ಇನ್ನೊಂದು ಕೈಯಲ್ಲಿ ಸಡಿಲ! 2024ರ ಫೆಬ್ರವರಿಯ ಬಜೆಟ್ಟಿನಲ್ಲಿ ಮುಖ್ಯಮಂತ್ರಿಗಳು ಬೆಂಗಳೂರಿನಲ್ಲೂ ಇನ್ನು ಹತ್ತು ಮಹಾನಗರ ಪಾಲಿಕೆಗಳಲ್ಲೂ ರಾತ್ರಿ 1 ಗಂಟೆಯವರೆಗೆ ವ್ಯವಹಾರ ನಡೆಸಲು ಅವಕಾಶ ಎಂದು ಘೋಷಿಸಿದರು. ಅದೇ ವರ್ಷ ಅಂದಿನ ಬಿಬಿಎಂಪಿ ವ್ಯಾಪ್ತಿಗೆ ಆದೇಶವೂ ಹೊರಬಿತ್ತು. ಯಾರನ್ನು ಕೇಳಿದರು? ಹೋಟೆಲು ಮಾಲೀಕರ ಸಂಘದವರು ಬಹಳ ಕಾಲದಿಂದ ಬೇಡಿಕೆ ಇಟ್ಟಿದ್ದರು, ಅದು ಅವರ ಹಕ್ಕು. ಪಕ್ಕದ ಮನೆಯವರನ್ನು ಯಾರು ಕೇಳಿದರು? 2025-26ರ ಬಜೆಟ್ಟಿನಲ್ಲಿ ಅಬಕಾರಿಯಿಂದ ಸರ್ಕಾರ ಇಟ್ಟುಕೊಂಡ ಗುರಿ 40,000 ಕೋಟಿ ರೂಪಾಯಿ. ಕುಡಿಯುವವನು ಒಂದೂವರೆ ಗಂಟೆ ಹೆಚ್ಚು ಕೂತರೆ ಖಜಾನೆಗೆ ಲಾಭ. ಮಲಗುವವನು ಒಂದೂವರೆ ಗಂಟೆ ಕಡಿಮೆ ಮಲಗಿದರೆ ಯಾವ ಲೆಕ್ಕದ ಪುಸ್ತಕದಲ್ಲೂ ಅದು ನಷ್ಟವಲ್ಲ.

'ಅದು ಬೆಂಗಳೂರಿನ ಮಾತು, ನಮ್ಮಲ್ಲಿ ಬಾರ್ ಹನ್ನೊಂದೂವರೆಗೇ ಮುಚ್ಚಬೇಕಲ್ಲ' ಎನ್ನುತ್ತೀರಾ? ಗಡಿಯ ಆಚೆ ಒಂದು ಗಂಟೆ, ಈಚೆ ಹನ್ನೊಂದೂವರೆ. ಈ ಗೆರೆಯನ್ನು ರಾತ್ರಿ ಯಾರು ನೋಡುತ್ತಾರೆ? ಗೆರೆಯೂ ಅಲ್ಲೇ ನಿಲ್ಲುವುದಿಲ್ಲ. 2025ರಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಬಂತು. ಅದೇ ವರ್ಷದ ಜುಲೈನಲ್ಲಿ ನಂದಿ ಬೆಟ್ಟದ ಮೇಲೆ ಸೇರಿದ ಸಚಿವ ಸಂಪುಟ ನಮ್ಮ ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ 'ಬೆಂಗಳೂರು ಉತ್ತರ' ಎಂದು ಹೆಸರಿಡಲು ತೀರ್ಮಾನಿಸಿತು. 'ಗ್ರಾಮ' ಎಂಬ ಅಕ್ಷರವನ್ನೇ ಅಳಿಸಲು ಹೊರಟವರು ಗ್ರಾಮದ ರಾತ್ರಿಯನ್ನು ಉಳಿಸುತ್ತಾರೆಯೇ?

ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಉಬ್ಬುವುದು ಎಲ್ಲ ದೇಶದಲ್ಲೂ ಇದೆ. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ 2014ರಲ್ಲಿ ಕುಡಿದು ಹೊಡೆದಾಡುವುದು ಮಿತಿಮೀರಿದಾಗ ನಗರದ ನಡುಭಾಗಕ್ಕೂ ಕಿಂಗ್ಸ್ ಕ್ರಾಸ್ ಎಂಬ ಪೇಟೆಗೂ ಕಟ್ಟುನಿಟ್ಟು ತಂದರು: ರಾತ್ರಿ 1.30ರ ಮೇಲೆ ಹೊಸ ಗಿರಾಕಿಗೆ ಪ್ರವೇಶವಿಲ್ಲ, 3ರ ಮೇಲೆ ಮದ್ಯವಿಲ್ಲ. ಕಿಂಗ್ಸ್ ಕ್ರಾಸಿನಲ್ಲಿ ಹೊಡೆದಾಟ ಇಳಿಯಿತು. ಆದರೆ ಜನ ನ್ಯೂಟೌನಿನಂಥ ಬಡಾವಣೆಗಳಿಗೆ ಹೋದರು, ಅಲ್ಲಿನವರ ನೆಮ್ಮದಿ ಕೆಟ್ಟಿತು. ನಾವು ಬೆಂಗಳೂರಿನ ನ್ಯೂಟೌನು!

ನಮ್ಮಲ್ಲೇ ನೋಡಿ. 2016ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಹೆದ್ದಾರಿಯಿಂದ 500 ಮೀಟರ್ ಒಳಗೆ ಮದ್ಯ ಮಾರಬಾರದು ಎಂದಿತು. ಕುಡಿದು ಗಾಡಿ ಓಡಿಸಿ ಜನ ಸಾಯುತ್ತಿದ್ದರು, ತೀರ್ಪು ಒಳ್ಳೆಯದೇ. 2017ರ ಜುಲೈನಲ್ಲಿ ಎಂ.ಜಿ. ರಸ್ತೆಯ ಪಬ್ಬುಗಳೂ ಬಾಗಿಲು ಹಾಕಿದ್ದು ನಿಮಗೆ ನೆನಪಿರಬಹುದು. ಆಮೇಲೆ ಪಟ್ಟಣಗಳ ಒಳಗಿನ ರಸ್ತೆಗಳಿಗೆ ವಿನಾಯಿತಿ ಸಿಕ್ಕಿತು, 2018ರಲ್ಲಿ ಪಂಚಾಯ್ತಿ ಪ್ರದೇಶಗಳ ತೀರ್ಮಾನವನ್ನೂ ರಾಜ್ಯಗಳ ಕೈಗೇ ಬಿಟ್ಟರು. ನಮ್ಮ ಜಿಲ್ಲೆಯೋ ಹೆದ್ದಾರಿಗಳ ಜಿಲ್ಲೆ. ನೆಲಮಂಗಲದಲ್ಲಿ ತುಮಕೂರಿನ ದಾರಿ, ಹಾಸನದ ದಾರಿ ಕವಲೊಡೆಯುತ್ತವೆ. ಹೊಸಕೋಟೆಯಲ್ಲಿ ಕೋಲಾರದ ದಾರಿ, ದೇವನಹಳ್ಳಿಯಲ್ಲಿ ಹೈದರಾಬಾದಿನ ದಾರಿ. ದಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರ, ದೇವನಹಳ್ಳಿಯ ಮೇಲೆ ಹೊಸಕೋಟೆಗೆ ಇನ್ನೊಂದು. ಹೆದ್ದಾರಿಯಿಂದ ದೂರ ಸರಿ ಎಂದರೆ ಬಾರು ಎಲ್ಲಿಗೆ ಸರಿಯಬೇಕು? ಊರೊಳಗಿನ ಓಣಿಗೆ!

ಅಬಕಾರಿಯ 1967ರ ನಿಯಮದಲ್ಲಿ ಒಂದು ಪಟ್ಟಿ ಇದೆ. ದೇವಸ್ಥಾನ, ಮಸೀದಿ, ಶಾಲೆ, ಆಸ್ಪತ್ರೆ, ಸರ್ಕಾರಿ ಕಚೇರಿ ಇವುಗಳಿಂದ 100 ಮೀಟರ್ ದೂರವಿರಬೇಕು. ಪರಿಶಿಷ್ಟರು ಹೆಚ್ಚಾಗಿ ವಾಸಿಸುವ ಬಡಾವಣೆಗೂ ರಕ್ಷಣೆ ಇದೆ, ಒಳ್ಳೆಯದು. ಉಳಿದವರ ಮನೆ? ಮನೆ ಎಂಬ ಮಾತೇ ಆ ಪಟ್ಟಿಯಲ್ಲಿಲ್ಲ. ಸರ್ಕಾರಿ ಕಚೇರಿ ಸಂಜೆ ಐದೂವರೆಗೆ ಬೀಗ ಹಾಕಿಕೊಂಡು ಹೋಗುತ್ತದೆ, ಅದಕ್ಕೆ ರಾತ್ರಿ ಕಾವಲು ಬೇಕು! ಮಗು ಮಲಗುವ ಕೋಣೆಗೆ ಬೇಡ! ಈ ನಿಯಮ ಬರೆದವರು ಮನೆಯಲ್ಲಿ ಮಲಗುತ್ತಿದ್ದರೋ, ಕಚೇರಿಯಲ್ಲಿ ಮಲಗುತ್ತಿದ್ದರೋ?

ಇಲ್ಲಿ ಒಂದು ಮಾತು ಸ್ಪಷ್ಟ ಮಾಡಿಬಿಡುತ್ತೇನೆ, ಇಲ್ಲದಿದ್ದರೆ ನಾಳೆ ಯಾರೋ ಬಾವುಟ ಹಿಡಿದು ನಮ್ಮ ಸಾಲಿಗೆ ನುಸುಳುತ್ತಾರೆ. ನಮ್ಮ ವಿರೋಧ ಯಾರು ಕುಡಿಯುತ್ತಾರೆ, ಯಾವ ಹೆಣ್ಣುಮಗಳು ಯಾರ ಜೊತೆ ಕೂತಿದ್ದಾಳೆ ಎಂಬುದಕ್ಕಲ್ಲ. 2009ರ ಜನವರಿಯಲ್ಲಿ ಮಂಗಳೂರಿನ ಪಬ್ಬಿಗೆ ನುಗ್ಗಿ ಹೆಣ್ಣುಮಕ್ಕಳನ್ನು ಅಟ್ಟಾಡಿಸಿ ಹೊಡೆದದ್ದು ಪುಂಡಾಟಿಕೆ. ಅಂಥವರಿಗೆ ನಮ್ಮ ಬೀದಿಯ ಅರ್ಜಿಯಲ್ಲಿ ಸಹಿ ಹಾಕಲು ಜಾಗವಿಲ್ಲ.

ರಾತ್ರಿ ದುಡಿಯುವವರ ಮೇಲೂ ನಮಗೆ ಸಿಟ್ಟಿಲ್ಲ. ಸಿಟ್ಟಾಗಲು ನಾವೇನು ಹಗಲಲ್ಲಷ್ಟೇ ಬದುಕಿದವರೇ? ನಮ್ಮ ರೈತ ಸೊಪ್ಪು ಕಿತ್ತು ಲಾರಿಗೆ ಏರಿಸುವುದು ನಡುರಾತ್ರಿ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲಂತೂ ಆ ತಾಲ್ಲೂಕಿಗೆ ರಾತ್ರಿಯೇ ಇಲ್ಲ. ಕ್ಯಾಬು ಓಡಿಸುವ ನಮ್ಮ ಹುಡುಗ ಬೆಳಗಿನ ಮೂರಕ್ಕೆ ಒಂದು ಟೀ ಕುಡಿಯಲು ಅಂಗಡಿ ಬೇಕು. ಹತ್ತು ಅಥವಾ ಹೆಚ್ಚು ಜನರಿರುವ ಅಂಗಡಿಗಳು ದಿನದ 24 ಗಂಟೆಯೂ ತೆರೆದಿರಬಹುದು ಎಂದು 2021ರ ಜನವರಿಯಲ್ಲಿ ಸರ್ಕಾರ ಆದೇಶ ಮಾಡಿತು. ಹತ್ತು ಜನರನ್ನು ಇಟ್ಟುಕೊಂಡ ದೊಡ್ಡವನಿಗೆ ಆದೇಶದ ರಕ್ಷೆ. ಗಂಡ ಹೆಂಡಿರೇ ನಡೆಸುವ ಟೀ ಗಾಡಿಗೆ ಲಾಠಿಯ ತುದಿ! ಹತ್ತೂವರೆಗೆ ಸ್ಟವ್ ಆರಿಸು ಎಂದು ಗದರುವ ದನಿ, ಅರ್ಧ ಷಟರು ಎಳೆದುಕೊಂಡು ಒಳಗೆ ಬಾಟಲಿ ಕೊಡುವವನ ಮುಂದೆ ಎಷ್ಟು ಮೆತ್ತಗಾಗುತ್ತದೆ ಎಂಬುದನ್ನು ನೀವೂ ನೋಡಿದ್ದೀರಿ, ನಾನೂ ನೋಡಿದ್ದೇನೆ.

ಹೊಸಕೋಟೆಯ ಬಿರಿಯಾನಿ ಗೊತ್ತಲ್ಲ? ಭಾನುವಾರ ಬಂತೆಂದರೆ ಬೆಂಗಳೂರಿನ ಹುಡುಗರು ಬೆಳಗಿನ ಮೂರು, ನಾಲ್ಕಕ್ಕೇ ಕಾರು, ಬೈಕು ಹತ್ತಿ ಬಂದು ಸಾಲು ನಿಲ್ಲುತ್ತಾರೆ. ಸೌದೆ ಒಲೆಯ ಮೇಲೆ ದಮ್ ಕಟ್ಟಿದ ಹಂಡೆ ತೆಗೆಯುವ ಹೊತ್ತಿಗೆ ಇನ್ನೂ ಕತ್ತಲು. ಇದೂ ಅಪರಾತ್ರಿಯ ವ್ಯಾಪಾರವೇ. ಮೊದಲ ಸಲ ಕೇಳಿದಾಗ, 'ಬೆಳಗಿನ ಜಾವಕ್ಕೆ ಬಿರಿಯಾನಿ ತಿನ್ನುವ ಹುಚ್ಚೇ' ಎಂದು ನಗು ಬಂತು. ಒಂದು ದಿನ ನಾನೇ ಹೋದೆ. ಎಲೆಯ ದೊನ್ನೆಯಲ್ಲಿ ಹಬೆಯಾಡುವ ಅನ್ನ, ಕೆಲಸ ಮಾಡುವವರು ಅಲ್ಲಿನವರೇ, ಮಾತು ನಮ್ಮದೇ. ಹಂಡೆ ಖಾಲಿ, ಅಂಗಡಿ ಬಂದ್. ಸ್ಪೀಕರಿಲ್ಲ. ಬೈಕುಗಳ ಸೈಲೆನ್ಸರ್ ಕಿತ್ತ ಅಬ್ಬರ ಇದೆ, ಅದನ್ನು ಪೊಲೀಸರು ಹಿಡಿಯಬೇಕು. ಆದರೆ ವ್ಯಾಪಾರದ ಮೇಲೆ ಊರಿನವರಿಗೆ ದೂರಿಲ್ಲ, ಯಾಕೆಂದರೆ ಅದು ಊರಿನದೇ ವ್ಯಾಪಾರ. ಬೇಕಾದ್ದು, ಬೇಡದ್ದು ಎಂಬ ಭೇದ ಜನಕ್ಕೆ ಗೊತ್ತಿದೆ. ಕೇಳಿದರೆ ಹೇಳುತ್ತಾರೆ. ಕೇಳುವವರಿಲ್ಲ, ಅಷ್ಟೇ.

ಇನ್ನು ಬಾರಿನಲ್ಲಿ ದುಡಿಯುವ ಹುಡುಗರ ಕಥೆ. 2018ರ ಜನವರಿ 8ರ ಬೆಳಗಿನ ಜಾವ ಬೆಂಗಳೂರಿನ ಕಲಾಸಿಪಾಳ್ಯದಲ್ಲಿ ಒಂದು ಬಾರಿಗೆ ಬೆಂಕಿ ಬಿತ್ತು. ಕೆಲಸ ಮುಗಿಸಿ ಒಳಗೇ ಮಲಗಿದ್ದ ಐವರು ನೌಕರರು ಸತ್ತರು. ಅದಕ್ಕೆ ಹತ್ತು ದಿನ ಮುಂಚೆ ಮುಂಬಯಿಯ ಕಮಲಾ ಮಿಲ್ಸಿನ ತಾರಸಿ ಪಬ್ಬಿನಲ್ಲಿ 14 ಜನ ಸತ್ತಿದ್ದರು. 2023ರ ಅಕ್ಟೋಬರಿನಲ್ಲಿ ಕೋರಮಂಗಲದ ತಾರಸಿ ಕೆಫೆಗೆ ಬೆಂಕಿ ಹತ್ತಿ ಒಬ್ಬಾತ ಜೀವ ಉಳಿಸಿಕೊಳ್ಳಲು ನಾಲ್ಕನೇ ಅಂತಸ್ತಿನಿಂದ ಹಾರಿದ್ದನ್ನು ಇಡೀ ಲೋಕ ಟಿ.ವಿ.ಯಲ್ಲಿ ನೋಡಿತು. ಅಂಗಡಿ ಒಂದು ಗಂಟೆಗೆ ಮುಚ್ಚಿದರೆ ಗ್ಲಾಸು ತೊಳೆಯುವ ಹುಡುಗ ಮಲಗುವುದು ಮೂರಕ್ಕೆ. ಅವನಿಗೆ ಮನೆಗೆ ಹೋಗಲು ಬಸ್ಸಿಲ್ಲ, ಅದಕ್ಕೇ ಅಲ್ಲೇ ಮಲಗುತ್ತಾನೆ. 'ರಾತ್ರಿ ವ್ಯವಹಾರದಿಂದ ಉದ್ಯೋಗ' ಎಂದು ಭಾಷಣ ಬಿಗಿಯುವ ಮಾನ್ಯರು ಆ ಬಸ್ಸಿನ ಮಾತನ್ನೂ ಒಂದು ಸಲ ಆಡಲಿ.

2019ರ ಜನವರಿಯಲ್ಲಿ ಉತ್ತರ ಕರ್ನಾಟಕದ ಸಾವಿರಾರು ಹೆಂಗಸರು ಮದ್ಯ ನಿಷೇಧವಾಗಲಿ ಎಂದು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದು ಬಂದರು. ಸುಮಾರು ಇನ್ನೂರು ಕಿಲೋಮೀಟರ್. ನಮ್ಮ ನೆಲಮಂಗಲದ ಹೆದ್ದಾರಿಯಲ್ಲೇ ನಡೆದರು. ಕಾಲಲ್ಲಿ ಬೊಬ್ಬೆ, ಕೈಯಲ್ಲಿ ಕನ್ನಡದ ಮನವಿ. ದಾರಿಯಲ್ಲಿ ಒಬ್ಬ ತಾಯಿ ವಾಹನ ಬಡಿದು ಸತ್ತರು. ನಿಷೇಧ ಸರಿಯೋ ತಪ್ಪೋ ಎಂಬುದರಲ್ಲಿ ನನಗೆ ಅವರಷ್ಟು ಖಚಿತವಿಲ್ಲ. ಕಳ್ಳಭಟ್ಟಿಯ ಸಾವುಗಳನ್ನು ಈ ನಾಡು ಕಂಡಿದೆ. ಆದರೆ ಅಂಗಡಿ ಬೇಕೋ ಬೇಡವೋ ಎಂದು ಅದೇ ಊರಿನ ಹೆಂಗಸರನ್ನು ಕೇಳಲು ಏನು ಅಡ್ಡಿ? ಪಕ್ಕದ ಮಹಾರಾಷ್ಟ್ರದಲ್ಲಿ ವಾರ್ಡಿನ ಅಥವಾ ಹಳ್ಳಿಯ ಮಹಿಳಾ ಮತದಾರರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಬೇಡ ಎಂದು ಮತ ಹಾಕಿದರೆ ಮದ್ಯದಂಗಡಿ ಮುಚ್ಚಿಸುವ ನಿಯಮವೇ ಇದೆ. ಅಲ್ಲಿ ಸರ್ಕಾರ ದಿವಾಳಿಯಾಗಿಲ್ಲ.

ಹಾಗಾದರೆ ನಾವೇನು ಮಾಡಬೇಕು? ಕಲ್ಲು ಎಸೆಯಬೇಕಾಗಿಲ್ಲ, ಬೋರ್ಡಿಗೆ ಮಸಿ ಬಳಿಯಬೇಕಾಗಿಲ್ಲ. ಮೊದಲು ಹೇಳಿದ 2005ರ ಆದೇಶವನ್ನು ನೆನಪಿಸಿಕೊಳ್ಳಿ. ಅದು ಬೆಂಗಳೂರು ನಗರದ್ದು, ನಮ್ಮದಲ್ಲ. ಆದರೆ ಅದಕ್ಕೆ ಮೂಲವಾದ 1963ರ ಕರ್ನಾಟಕ ಪೊಲೀಸ್ ಕಾಯಿದೆಯ 31ನೇ ಕಲಮು ಆ ಅಧಿಕಾರವನ್ನು ನಗರದಲ್ಲಿ ಕಮಿಷನರಿಗೂ, ಜಿಲ್ಲೆಯಲ್ಲಿ ಜಿಲ್ಲಾ ಮ್ಯಾಜಿಸ್ಟ್ರೇಟರಿಗೂ ಕೊಟ್ಟಿದೆ. ಅಂದರೆ ಬೀರಸಂದ್ರದ ಜಿಲ್ಲಾಡಳಿತ ಭವನದಲ್ಲಿ ಕೂರುವ ನಮ್ಮ ಜಿಲ್ಲಾಧಿಕಾರಿಗಳು ಮನಸ್ಸು ಮಾಡಿದರೆ ಈ ನಾಲ್ಕು ತಾಲ್ಲೂಕುಗಳಿಗೂ ಅಂಥ ಆದೇಶ ಹೊರಡಿಸಬಹುದು: ತಾರಸಿಯ ಮೇಲೆ ಸ್ಪೀಕರ್ ಬೇಡ, ಹೊಸ ಪರವಾನಗಿಗೆ ಮುಂಚೆ ಸುತ್ತಲಿನ ಮನೆಗಳಿಗೆ ಕನ್ನಡದಲ್ಲಿ ನೋಟೀಸು, ಆಕ್ಷೇಪಣೆ ಹೇಳಲು ಊರಲ್ಲೇ ಒಂದು ಸಭೆ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ 2014ರಿಂದ ಒಂದು ಪದ್ಧತಿ ಇದೆ. ಹಳೆಯ ಸಂಗೀತ ಮಂದಿರದ ಪಕ್ಕ ಹೊಸ ಮನೆ ಕಟ್ಟಿದರೆ ಸದ್ದು ತಡೆಯುವ ಖರ್ಚು ಮನೆ ಕಟ್ಟಿದವನದು. ಮನೆಗಳ ನಡುವೆ ಹೊಸ ಸಂಗೀತ ಮಂದಿರ ಬಂದರೆ ಖರ್ಚು ಅದರ ಮಾಲೀಕನದು. ಹಿಂದೆ ಬಂದವನೇ ಹೊರಬೇಕು. ನಮ್ಮ ಹುಣಸೆಮರದ ಬೀದಿಯಲ್ಲಿ ಹಿಂದೆ ಬಂದವರು ಯಾರು?

ಇನ್ನೊಂದು, ನಕಾಶೆ. ಇಂದಿರಾನಗರ ಕೆಟ್ಟದ್ದು ಬಾರಿನಿಂದಲ್ಲ, ನಕಾಶೆಯಿಂದ. ದೇವನಹಳ್ಳಿ, ದೊಡ್ಡಬಳ್ಳಾಪುರ, ನೆಲಮಂಗಲ, ಹೊಸಕೋಟೆ ಎಲ್ಲ ಕಡೆಗೂ ಯೋಜನಾ ಪ್ರಾಧಿಕಾರಗಳ ಕೈಯಲ್ಲಿ ಮಹಾಯೋಜನೆ ಎಂಬುದೊಂದು ಇರುತ್ತದೆ. ಹಳದಿ ಬಣ್ಣ ವಸತಿ, ನೀಲಿ ಬಣ್ಣ ವಾಣಿಜ್ಯ. ನಿಮ್ಮ ಬೀದಿಗೆ ನೀಲಿ ಬಿದ್ದ ದಿನವೇ ಬಾರಿನ ಹೊಸ್ತಿಲು ಪೂಜೆ ಆದಂತೆ. ನಾನು ಒಂದು ಕಚೇರಿಗೆ ಹೋಗಿ ನಕಾಶೆ ತೋರಿಸಿ ಎಂದೆ. ತೋರಿಸಿದರು. ಬೀದಿಯ ಹೆಸರು, ಬಣ್ಣದ ವಿವರ, ಟಿಪ್ಪಣಿ, ಒಂದಕ್ಷರ ಕನ್ನಡವಿಲ್ಲ! 'ಕನ್ನಡದ್ದು ಇದೆಯೇ' ಎಂದರೆ ಗುಮಾಸ್ತರು, 'ಅದ್ಯಾಕ್ರೀ, ಬಣ್ಣ ಕಾಣ್ಸಲ್ವಾ' ಎಂದರು. ಓದಲಾಗದ ನಕಾಶೆಗೆ ಆಕ್ಷೇಪಣೆ ಸಲ್ಲಿಸುವವರು ಯಾರು? ಆಕ್ಷೇಪಣೆಯ ಗಡುವು ಮುಗಿದ ಮೇಲೆ ಬೀದಿಗಿಳಿದರೆ ಕೇಳುವವರು ಯಾರು?

ಆದ್ದರಿಂದ ಈ ವಾರವೇ ನಿಮ್ಮ ಬೀದಿಯ ಮನೆಮನೆಗೆ ಹೋಗಿ. ಸದ್ದಿನ ದಿನ, ಗಂಟೆ, ಎಷ್ಟು ಹೊತ್ತು ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಶಬ್ದ ನಿಯಮದ ಕೆಳಗೆ ದೂರು ತೆಗೆದುಕೊಳ್ಳಬೇಕಾದ್ದು ಜಿಲ್ಲಾ ಮ್ಯಾಜಿಸ್ಟ್ರೇಟರು ಅಥವಾ ಡಿವೈಎಸ್ಪಿ ದರ್ಜೆಗೆ ಕಡಿಮೆಯಿಲ್ಲದ ಪೊಲೀಸ್ ಅಧಿಕಾರಿ. ಠಾಣೆಯಲ್ಲಿ 'ನೋಡೋಣ' ಎಂದರೆ ಅಲ್ಲಿಂದ ಮೇಲಕ್ಕೆ ಹೋಗಿ. ಹೆಂಗಸರ ಸಹಿ ಮೊದಲಿರಲಿ, ಯಾಕೆಂದರೆ ರಾತ್ರಿ ಕುಡುಕರ ನಡುವೆ ಬಸ್ ನಿಲ್ದಾಣದಿಂದ ಮನೆಗೆ ನಡೆದು ಬರುವವರು ಅವರು. ಅರ್ಜಿ ಕನ್ನಡದಲ್ಲೇ ಇರಲಿ, ಉತ್ತರವನ್ನೂ ಕನ್ನಡದಲ್ಲೇ ಕೇಳಿ. ಒಂದು ಪ್ರತಿ ಅಬಕಾರಿ ಉಪ ಆಯುಕ್ತರಿಗೆ, ಒಂದು ನಗರಸಭೆಗೋ ಪುರಸಭೆಗೋ, ಒಂದು ನಿಮ್ಮ ಹತ್ತಿರ. ಮೊಹರು ಒತ್ತಿದ ಸ್ವೀಕೃತಿ ಕೈಗೆ ಬರುವವರೆಗೆ ಆ ಮೇಜಿನ ಮುಂದಿನಿಂದ ಏಳಬೇಡಿ.